ಎನ್‌ಡುಗುವಿಗೆ ಓದಲು ಬರುವುದಿಲ್ಲ

ಅಲೆಕ್ಸಾಂಡರ್ ಪೇನ್ ನಿರ್ದೇಶಿಸಿದ ‘ಅಬೌಟ್ ಶ್ಮಿಟ್’ (೨೦೦೨) ಚಿತ್ರವನ್ನು ಹೆಚ್ಚಿನವರು ನೆನೆಯುವುದು ಕೊನೆಯಲ್ಲಿ ಜಾಕ್ ನಿಕಲ್ಸನ್ ಅಳುವುದಕ್ಕಾಗಿ. ನನಗೆ ಆ ಅಳುವಿಗಿಂತ, ಅದನ್ನು ತರಿಸಿದ ಕಾಗದವೇ ಮುಖ್ಯ. ಬಡಮಕ್ಕಳಿಗೆ ದೂರದಿಂದ ನೆರವು ಕಳಿಸುವವರ ಬಗ್ಗೆ ಇಷ್ಟು ನಿಷ್ಠುರವಾದ ಚಿತ್ರವನ್ನು ನಾನು ಬೇರೆ ನೋಡಿಲ್ಲ.

ವಾರೆನ್ ಶ್ಮಿಟ್ ಅಮೆರಿಕದ ಒಮಾಹಾದಲ್ಲಿ ವಿಮಾ ಕಂಪನಿಯಿಂದ ನಿವೃತ್ತನಾದವನು. ಟಿವಿ ಜಾಹೀರಾತು ನೋಡಿ ತಾಂಜಾನಿಯದ ಆರು ವರ್ಷದ ಎನ್‌ಡುಗುವಿಗೆ ತಿಂಗಳಿಗೆ ೨೨ ಡಾಲರ್ ಕಳಿಸಲು ಒಪ್ಪುತ್ತಾನೆ. ಚೆಕ್ಕಿನ ಜೊತೆ ಮಗುವಿಗೊಂದು ಕಾಗದವನ್ನೂ ಬರೆಯಬೇಕು. ಬರೆಯಲು ಕೂತವನು ತನ್ನ ಕುರ್ಚಿ ಹಿಡಿದ ಯುವಕನ ಮೇಲಿನ ಸಿಟ್ಟನ್ನೂ ಹೆಂಡತಿಯ ಮೇಲಿನ ಅಸಹನೆಯನ್ನೂ ಕಾರಿಕೊಳ್ಳುತ್ತಾನೆ. ಕಾಲೇಜಿಗೆ ಹೋದಾಗ ಯಾವುದಾದರೂ ವಿದ್ಯಾರ್ಥಿ ಕೂಟ ಸೇರಿಕೋ ಎಂದು ಬುದ್ಧಿವಾದವನ್ನೂ ಹೇಳುತ್ತಾನೆ. ನಾವು ನಗುತ್ತೇವೆ.

ಆದರೆ ಈ ಏರ್ಪಾಡು ಪೇನ್ ಕಲ್ಪಿಸಿದ್ದಲ್ಲ. ಚಿತ್ರದಲ್ಲಿ ಬರುವ ಚೈಲ್ಡ್‌ರೀಚ್, ೧೯೩೭ರಲ್ಲಿ ಸ್ಪೇನಿನ ಅಂತರ್ಯುದ್ಧದ ಮಕ್ಕಳಿಗಾಗಿ ಹುಟ್ಟಿದ ‘ಪ್ಲಾನ್’ ಸಂಸ್ಥೆಗೆ ಅಮೆರಿಕದಲ್ಲಿ ಆಗಿದ್ದ ಹೆಸರು; ಅದು ಚರ್ಚಿನದಲ್ಲ. ಒಂದು ಮಗು, ಒಂದು ಫೋಟೊ, ಒಬ್ಬ ದಾನಿ ಎಂಬ ಈ ಕ್ರಮವನ್ನು ಮನೆಮಾತಾಗಿಸಿದ್ದರಲ್ಲಿ ಕ್ರೈಸ್ತ ಸಂಸ್ಥೆಗಳ ಪಾಲು ದೊಡ್ಡದು. ೧೯೫೦ರಲ್ಲಿ ಬಾಬ್ ಪಿಯರ್ಸ್ ‘ವರ್ಲ್ಡ್ ವಿಷನ್’ ಕಟ್ಟಿದರು. ೧೯೫೨ರಲ್ಲಿ ಎವೆರೆಟ್ ಸ್ವಾನ್ಸನ್ ಆರಂಭಿಸಿದ್ದು ಮುಂದೆ ‘ಕಂಪ್ಯಾಶನ್’ ಆಯಿತು. ಎರಡೂ ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ ದುಡ್ಡು ಕೂಡಿಸಿ ಬೆಳೆದವು. ಬಡತನ ಎಂದರೆ ಕೈಚೀಲ ಬಿಚ್ಚದವರು ಒಂದು ಮುಖ ಕಂಡರೆ ಬಿಚ್ಚುತ್ತಾರೆ. ಇದರ ಬೆಲೆಯೂ ಇದೆ: ಹಸಿದ ಮಗು ಕೃತಜ್ಞತೆಯ ಕಾಗದ ಬರೆಯುವುದನ್ನೂ ಕಲಿಯಬೇಕು.

ಚಿತ್ರದ ಕೊನೆಗೆ ಶ್ಮಿಟ್ ಸೋತು ಮನೆಗೆ ಮರಳುತ್ತಾನೆ. ಹೆಂಡತಿ ಸತ್ತಿದ್ದಾಳೆ, ಮಗಳು ಅವನ ಮಾತು ಕೇಳದೆ ಮದುವೆಯಾಗಿದ್ದಾಳೆ. ಟಪಾಲಿನ ರಾಶಿಯಲ್ಲಿ ತಾಂಜಾನಿಯದ ಕಾಗದ. ಬರೆದವಳು ಎನ್‌ಡುಗು ಅಲ್ಲ, ಅಲ್ಲಿನ ಒಬ್ಬ ಕ್ರೈಸ್ತ ಸನ್ಯಾಸಿನಿ, ಸಿಸ್ಟರ್ ನಡೀನ್. ಹುಡುಗನಿಗೆ ಓದು ಬರಹ ಬಾರದು, ಕಣ್ಣಿಗೆ ಸೋಂಕಾಗಿ ಚಿಕಿತ್ಸೆ ಕೊಡಿಸಬೇಕಾಯಿತು ಎನ್ನುತ್ತಾಳೆ. ಊರಿನಿಂದ ಬಂದ ಕಾರ್ಡನ್ನು ಬೇರೊಬ್ಬರಿಂದ ಓದಿಸಿಕೊಂಡ ಹಿರಿಯರು ಇರುವ ವಲಸಿಗರ ಮನೆಗಳಲ್ಲಿ ಇವಳ ಜಾಗ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ದಾನಿಯ ಸ್ವಗತಕ್ಕೂ ಮಗುವಿನ ಮೌನಕ್ಕೂ ನಡುವೆ ನಿಂತು ಇಬ್ಬರ ಮರ್ಯಾದೆಯನ್ನೂ ಕಾಯುವವಳು ಆಕೆ.

ಇಲ್ಲಿಯವರೆಗೆ ಚಿತ್ರ ಪ್ರಾಮಾಣಿಕ. ಆಮೇಲೆ ಲಕೋಟೆಯಿಂದ ಎನ್‌ಡುಗು ಬರೆದ ಚಿತ್ರ ಹೊರಬರುತ್ತದೆ: ದೊಡ್ಡವನೊಬ್ಬ, ಪುಟ್ಟವನೊಬ್ಬ, ಕೈ ಕೈ ಹಿಡಿದಿದ್ದಾರೆ. ಶ್ಮಿಟ್ ಅಳುತ್ತಾನೆ. ನನ್ನ ತಕರಾರು ಇಲ್ಲಿದೆ. ಜಾಹೀರಾತನ್ನು ಅಣಕಿಸಿದ ಚಿತ್ರ ಕೊನೆಗೆ ಅದೇ ಜಾಹೀರಾತು ಕೊಡುವ ಮಾತನ್ನು ನಡೆಸಿಕೊಡುತ್ತದೆ. ೨೨ ಡಾಲರಿಗೆ ಬದಲಾಗಿ ಆರು ವರ್ಷದ ಹುಡುಗ ಒಬ್ಬ ಮುದುಕನಿಗೆ ಕ್ಷಮೆ ಕೊಡಬೇಕಾಗುತ್ತದೆ.

ಹಾಗೆಂದು ಇಂಥ ನೆರವೆಲ್ಲ ದಾನಿಯ ಅಹಂಕಾರ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತವೂ ಸೇರಿ ಆರು ದೇಶಗಳದ್ದು. ಕಂಪ್ಯಾಶನ್ ನೆರವು ಪಡೆದ ಮಕ್ಕಳು ಒಂದರಿಂದ ಒಂದೂವರೆ ವರ್ಷ ಹೆಚ್ಚು ಶಾಲೆ ಕಲಿತರು ಎಂದು ಅದು ಕಂಡುಕೊಂಡಿತು. ಅದೇ ಸಂಸ್ಥೆ ವಿದೇಶಿ ದೇಣಿಗೆಯ ನಿರ್ಬಂಧದಿಂದಾಗಿ ೨೦೧೭ರ ಮಾರ್ಚ್‌ನಲ್ಲಿ ಭಾರತ ಬಿಟ್ಟಾಗ ಅದರ ನೆರವಿನಲ್ಲಿದ್ದ ಮಕ್ಕಳು ಸುಮಾರು ೧,೪೫,೦೦೦. ನಾನು ಓದಿದ ವಾಗ್ವಾದಗಳಲ್ಲಿ ಒಂದು ಕಡೆಯವರಿಗೆ ಮತಾಂತರದ ಶಂಕೆ, ಇನ್ನೊಂದು ಕಡೆಯವರಿಗೆ ಸೇವೆಯ ಹೆಮ್ಮೆ. ಇಬ್ಬರ ಚರ್ಚೆಯೂ ಕೊಡುವವನ ಮನಸ್ಸಿನ ಬಗ್ಗೆಯೇ. ನಾಳೆಯ ಊಟ, ಮುಂದಿನ ಫೀಜು ಯಾರದ್ದು ಎಂಬ ಪ್ರಶ್ನೆ ಮೂಲೆಗೆ ಸರಿದಿತ್ತು.

ಪೇನ್‌ನ ಕ್ಯಾಮೆರಾ ಕೂಡ ಶ್ಮಿಟ್‌ನ ಮುಖ ಬಿಟ್ಟು ಕದಲುವುದಿಲ್ಲ, ತಾಂಜಾನಿಯಕ್ಕೆ ಹೋಗುವುದೇ ಇಲ್ಲ. ಸ್ವಾಹಿಲಿಯಲ್ಲಿ ‘ಎನ್‌ಡುಗು’ ಎಂದರೆ ಒಡಹುಟ್ಟು, ಬಂಧು. ಅಷ್ಟೆಲ್ಲ ಕಾಗದ ಬರೆದ ಶ್ಮಿಟ್ ಆ ಹೆಸರಿನ ಅರ್ಥವನ್ನು ಒಮ್ಮೆಯೂ ಕೇಳುವುದಿಲ್ಲ.