ಗೊಬ್ಬರದ ಚೀಲವೂ ಗುಡ್ಡದ ಸೊಪ್ಪೂ

ಕೃಷಿಯ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎರಡು ಪಕ್ಷಗಳು ಏರ್ಪಟ್ಟು ಬಹುಕಾಲವಾಯಿತು. ಸಾವಯವ ಕೃಷಿಯೊಂದೇ ಧರ್ಮ್ಯವಾದುದು, ರಾಸಾಯನಿಕ ಗೊಬ್ಬರವನ್ನು ಮುಟ್ಟಿದವನು ಭೂಮಿಗೆ ವಿಷವಿಕ್ಕಿದವನು ಎಂದು ಒಂದು ಪಕ್ಷದವರು ಸಾರುತ್ತಾರೆ. ರಸಗೊಬ್ಬರವಿಲ್ಲದೆ ಈ ದೇಶದ ಹೊಟ್ಟೆ ತುಂಬಲಾರದು, ಸಾವಯವವೆಂಬುದು ಉಳ್ಳವರ ಹವ್ಯಾಸ ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡು ಕಡೆಯೂ ಆವೇಶಕ್ಕೆ ಕೊರತೆಯಿಲ್ಲ; ಕೊರತೆಯಿರುವುದು ವಿವೇಚನೆಗೆ. ಇಂತಹ ವಾದವನ್ನು ಒಂದು ಗೊತ್ತಾದ ಸೀಮೆಯ ನೆಲದ ಮೇಲಿಟ್ಟು ಪರೀಕ್ಷಿಸಿದರೆ ಅದರ ಸತ್ಯಾಸತ್ಯಗಳು ತಿಳಿಯುತ್ತವೆ. ಮಂಗಳೂರು ನಗರವೂ ಅದಕ್ಕೆ ಅನ್ನ ನೀರುಗಳನ್ನು ಒದಗಿಸುವ ದಕ್ಷಿಣ ಕನ್ನಡದ ಒಳನಾಡೂ ಇಂತಹ ಪರೀಕ್ಷೆಗೆ ತಕ್ಕ ಸ್ಥಳಗಳಾಗಿವೆ.

ಒಂದೇ ನಗರದಲ್ಲಿ ಎರಡು ಪಕ್ಷಗಳ ಕುರುಹುಗಳೂ ಇವೆ. ನಗರದ ಉತ್ತರಕ್ಕೆ ಪಣಂಬೂರಿನಲ್ಲಿ 1976ರಿಂದ ಯೂರಿಯಾ ತಯಾರಾಗುತ್ತಿದೆ. ದಶಕಗಳ ಕಾಲ ನಾಫ್ತಾ ಎಣ್ಣೆಯಿಂದ ನಡೆದ ಆ ಉತ್ಪಾದನೆಗೆ ಈಗ ಕೊಚ್ಚಿಯಿಂದ ಸುಮಾರು 450 ಕಿ.ಮೀ. ಉದ್ದದ ಕೊಳವೆಯಲ್ಲಿ ಅನಿಲ ಬರುತ್ತದೆ. ಆ ಮಾರ್ಗದ ಉದ್ಘಾಟನೆ 2021ರ ಜನವರಿ 5ರಂದು ನಡೆಯಿತು. ಇತ್ತ ನಗರದ ನಡುವೆ, ಪಂಜೆ ಮಂಗೇಶರಾಯರ ಹೆಸರಿನ ರಸ್ತೆಯಲ್ಲಿ, ಸಾವಯವ ಕೃಷಿಕ ಗ್ರಾಹಕ ಬಳಗದವರು ಭಾನುವಾರಗಳಂದು ಸಂತೆ ನಡೆಸುತ್ತ ಬಂದಿದ್ದಾರೆ. ಬೆಳೆದವನೂ ಉಣ್ಣುವವನೂ ಮುಖಾಮುಖಿಯಾಗುವ ಅಂತಹ ಸಂತೆ ಸ್ತುತ್ಯವಾದುದು. ಆದರೆ ಅಲ್ಲಿ ಕೊಂಡ ಸೊಪ್ಪಿನ ಕಟ್ಟಿನೊಂದಿಗೆ ಭೂಮಿಯ ಋಣವೂ ತೀರಿತೆಂದು ನಗರವಾಸಿ ಭಾವಿಸಿದರೆ ಅದು ಒಪ್ಪತಕ್ಕ ಮಾತಲ್ಲ. ಏಕೆಂಬುದನ್ನು ಮುಂದೆ ವಿಚಾರಿಸೋಣ.

ಸಾವಯವ ಪಕ್ಷದವರು ಪೂರ್ವಿಕರ ಕೃಷಿಯನ್ನು ಆದರ್ಶವಾಗಿ ತೋರಿಸುತ್ತಾರೆ. ಆ ಕೃಷಿ ಹೇಗಿತ್ತು? ದಕ್ಷಿಣ ಕನ್ನಡದಲ್ಲಿ ಗದ್ದೆಗಳನ್ನು ಬಯಲು, ಮಜಲು, ಬೆಟ್ಟು ಎಂದು ವಿಂಗಡಿಸಿ, ನೀರಿನ ಅನುಕೂಲವಿದ್ದಂತೆ ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆ ತೆಗೆಯುತ್ತಿದ್ದರು. ಗದ್ದೆಯ ಸತ್ತ್ವವು ಗದ್ದೆಯಿಂದಲೇ ಹುಟ್ಟುತ್ತಿರಲಿಲ್ಲ. ಅದು ಗುಡ್ಡದಿಂದ ಬರುತ್ತಿತ್ತು. ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯಲು ಕೃಷಿಕನಿಗಿರುವ ಕುಮ್ಕಿ ಸವಲತ್ತು ಇದಕ್ಕಾಗಿಯೇ ಏರ್ಪಟ್ಟಿತು. ಗುಡ್ಡದಿಂದ ತಂದ ಸೊಪ್ಪನ್ನು ಹಟ್ಟಿಗೆ ಹಾಸಿ, ದನಗಳು ತುಳಿದು ಗೊಬ್ಬರವಾದ ಮೇಲೆ ಅದನ್ನು ಹೊತ್ತು ಗದ್ದೆಗೆ ಸಾಗಿಸುತ್ತಿದ್ದರು, ಸುಡುಮಣ್ಣನ್ನೂ ಸೇರಿಸುತ್ತಿದ್ದರು. ಈ ಹೊರೆಯನ್ನು ಹೊತ್ತವರಲ್ಲಿ ಬಹುಮಂದಿ ಅಂದಿನ ಗೇಣಿದಾರರು ಮತ್ತು ಕೂಲಿಯಾಳುಗಳು. 1974ರ ಭೂಸುಧಾರಣಾ ತಿದ್ದುಪಡಿಯ ಫಲವಾಗಿ ಗೇಣಿದಾರರು ಒಡೆಯರಾದುದು ನ್ಯಾಯವಾಗಿಯೇ ಇದೆ. ಅವರ ಮಕ್ಕಳು ಓದಿ ಉದ್ಯೋಗಗಳನ್ನು ಹಿಡಿದುದೂ ಸರಿಯೇ. ಗುಡ್ಡಗಳಲ್ಲಿ ಗೇರು, ರಬ್ಬರು, ಅಡಿಕೆಗಳು ಬಂದವು. ಹಟ್ಟಿಗಳಲ್ಲಿ ದನಗಳು ಕಡಿಮೆಯಾದವು. ಹಿಂದಿನ ಸಾವಯವಕ್ಕೆ ಆಧಾರವಾಗಿದ್ದ ಗುಡ್ಡವೂ ಇಲ್ಲ, ಹಟ್ಟಿಯೂ ಇಲ್ಲ, ಅಗ್ಗದ ದುಡಿಮೆಯೂ ಇಲ್ಲವಾದ ಮೇಲೆ ಹಿಂದಿನಂತೆಯೇ ಮಾಡಿರೆಂದು ರೈತನಿಗೆ ಉಪದೇಶಿಸುವುದು ಸುಲಭ, ನಡೆಸುವುದು ಕಷ್ಟ.

ಇದರ ಲೆಕ್ಕವನ್ನು ಯಾರಾದರೂ ಹಾಕಬಹುದು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ. ಹಟ್ಟಿಗೊಬ್ಬರದಲ್ಲಿ ಸಾಮಾನ್ಯವಾಗಿ ಅರ್ಧ ಭಾಗದ ಆಸುಪಾಸು. 45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿರುವಷ್ಟು ಸಾರಜನಕವನ್ನು ಒದಗಿಸಲು ಸುಮಾರು 4 ಟನ್ ಹಟ್ಟಿಗೊಬ್ಬರ ಬೇಕು. ಗೊಬ್ಬರದಲ್ಲಿ ಸಾರಜನಕದ ಹೊರತು ಮಣ್ಣನ್ನು ಹದವಾಗಿಡುವ ಬೇರೆ ಗುಣಗಳೂ ಉಂಟು, ಚೀಲದಲ್ಲಿ ಅವಿಲ್ಲ. ಆದರೂ ಒಬ್ಬನೇ ಹೊರಬಹುದಾದ ಚೀಲಕ್ಕೂ ನಾಲ್ಕು ಟನ್ನಿಗೂ ಇರುವ ಅಂತರವನ್ನು ಮರೆತು ರೈತನನ್ನು ದೂಷಿಸುವುದು ಅನ್ಯಾಯ.

ರಾಸಾಯನಿಕ ಪಕ್ಷದವರೂ ತಮ್ಮ ಶಾಸ್ತ್ರವನ್ನು ಪೂರ್ಣವಾಗಿ ಓದಿದವರಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟಾಷ್ ಎಂಬ ಶಿಫಾರಸನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಶಿಫಾರಸಿನಲ್ಲಿ ಮರವೊಂದಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬ ಮಾತೂ ಇದೆ; ಅದನ್ನು ಬಿಟ್ಟವರೇ ಹೆಚ್ಚು. ಎಕರೆಗೆ 550 ಮರಗಳೆಂದರೂ ಸೊಪ್ಪೇ ಆರೂವರೆ ಟನ್ನಿಗೆ ಮೀರುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಹುಳಿಯಾದ ಮುರಕಲ್ಲು ಮಣ್ಣಿನ ಈ ಸೀಮೆಯಲ್ಲಿ ಸೊಪ್ಪು ಗೊಬ್ಬರಗಳ ಅಂಶವಿಲ್ಲದ ನೆಲವು ಚೀಲದ ಸಾರವನ್ನು ಹಿಡಿದಿಟ್ಟುಕೊಳ್ಳಲಾರದು. ಬಹಳಷ್ಟು ಮಳೆನೀರಿನೊಡನೆ ಹೊಳೆಗೆ ಹೋಗುತ್ತದೆ. ಮಂಗಳೂರು ಕುಡಿಯುವುದು ತುಂಬೆಯ ಅಣೆಕಟ್ಟಿನಲ್ಲಿ ತಡೆದ ನೇತ್ರಾವತಿಯ ನೀರನ್ನೇ. ಮೇಲಣ ತೋಟಗಳಲ್ಲಿ ಏನನ್ನು ಹಾಕುತ್ತಾರೆಂಬುದು ಆದಕಾರಣ ನಗರಕ್ಕೆ ಸಂಬಂಧಪಡದ ವಿಷಯವಲ್ಲ.

ಔಷಧಗಳ ಮಾತಿಗೆ ಬಂದರೆ ಎರಡೂ ಹೆಸರುಗಳು ಇನ್ನಷ್ಟು ಮಸುಕಾಗುತ್ತವೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಇದು 1910ರ ಸುಮಾರಿನ ಸಂಗತಿ. ಅಂದಿನಿಂದ ಮಳೆಗಾಲದಲ್ಲಿ ಮದ್ದು ಬಿಡದೆ ಅಡಿಕೆ ಉಳಿಸಿಕೊಂಡವರು ವಿರಳ. ಮೈಲುತುತ್ತು ಕಾರ್ಖಾನೆಯಲ್ಲಿ ತಯಾರಾಗುವ ಲವಣ. ಆದರೂ ಸಾವಯವ ಪ್ರಮಾಣಪತ್ರದ ನಿಯಮಗಳು ಅದಕ್ಕೆ ನಿರ್ಬಂಧಸಹಿತವಾಗಿ ಅನುಮತಿ ಕೊಡುತ್ತವೆ. ತಾಮ್ರವು ಮಣ್ಣಿನಲ್ಲಿ ಸಂಚಯವಾಗುತ್ತದೆ ಎಂಬ ಕಾರಣದಿಂದ ಯುರೋಪಿನ ಒಕ್ಕೂಟವು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರವೆಂಬ ಮಿತಿಯನ್ನು ಹಾಕಿದೆ. ಸಾವಯವವೆಂಬ ಚೀಟಿ ಅಂಟಿದ ಮಾತ್ರಕ್ಕೆ ಹಾನಿ ನಿಂತಿತೆಂದು ಹೇಳಲಾಗದು.

ಹಾಗೆಂದು ವಿಷದ ಅನುಭವವನ್ನು ಈ ಸೀಮೆ ಮರೆಯುವಂತಿಲ್ಲ. ಗೇರು ತೋಟಗಳನ್ನು ಕಾಡುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ಕಾಸರಗೋಡಿನಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಸುತ್ತಲಿನ ಸರಕಾರಿ ಗೇರು ತೋಟಗಳಲ್ಲೂ ಅದೇ ನಡೆಯಿತು. ತೋಟಗಳ ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು. ಎಣ್ಮಕಜೆಯ ಪಡ್ರೆ ಗ್ರಾಮದ ವೈದ್ಯ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಅಲ್ಲಿಯ ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯಗಳ ಕಡೆಗೆ ಲೋಕದ ಗಮನ ಸೆಳೆದರು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ ಮಾರಾಟಗಳನ್ನು ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿತು. ಗೇರುಬೀಜದ ಲಾಭ ಒಂದು ಕಡೆ ಹೋಯಿತು, ನೋವು ಇನ್ನೊಂದು ಕಡೆ ಉಳಿಯಿತು. ಇಳುವರಿಯ ಅಂಕಿಗಳನ್ನಷ್ಟೇ ಹಿಡಿದು ಕೃಷಿಯನ್ನು ಅಳೆಯುವವರ ಪುಸ್ತಕದಲ್ಲಿ ಈ ನೋವಿಗೆ ಕಲಮೇ ಇರುವುದಿಲ್ಲ.

ಇಳುವರಿಯ ವಾದವೂ ಪೊಳ್ಳಲ್ಲವೆಂಬುದನ್ನು ಒಪ್ಪಬೇಕು. 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಸಾವಯವ ಬೆಳೆಯ ಇಳುವರಿ ಸಂದರ್ಭಕ್ಕನುಸಾರವಾಗಿ ನೂರಕ್ಕೆ 5ರಿಂದ 34ರಷ್ಟು ಕಡಿಮೆ. ಶ್ರೀಲಂಕೆಯ ಸರಕಾರ 2021ರ ಏಪ್ರಿಲಿನಲ್ಲಿ ರಸಗೊಬ್ಬರಗಳ ಆಮದನ್ನು ಒಮ್ಮೆಗೇ ನಿಷೇಧಿಸಿ, ರೈತರ ಸಂಕಟವನ್ನು ಕಂಡು ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಬದಲಿ ಗೊಬ್ಬರ ಎಲ್ಲಿಂದ ಬರುತ್ತದೆಂದು ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಡಿಸಿದ ಆಜ್ಞೆಯ ಫಲವಿದು.

ಎಲ್ಲದರ ಮೂಲದಲ್ಲಿರುವುದು ಆ ಪ್ರಶ್ನೆಯೇ: ಬೆಳೆಯೊಂದಿಗೆ ನೆಲದಿಂದ ಹೊರಟ ಸಾರವು ನೆಲಕ್ಕೆ ಮರಳುವುದು ಹೇಗೆ? ಅಕ್ಕಿ, ತರಕಾರಿ, ಬಾಳೆ, ತೆಂಗುಗಳ ರೂಪದಲ್ಲಿ ಅದು ನಗರಕ್ಕೆ ಬರುತ್ತದೆ, ಮರಳಿ ಹೋಗುವುದಿಲ್ಲ. ಆ ತೆರವನ್ನು ಗುಡ್ಡದ ಸೊಪ್ಪಿನಿಂದಲಾದರೂ ಅನಿಲದ ಚೀಲದಿಂದಲಾದರೂ ರೈತನು ತುಂಬಬೇಕಾಗಿದೆ. ನಗರಕ್ಕೆ ಬಂದ ಸಾರ ಏನಾಯಿತೆಂಬುದಕ್ಕೆ ಪಚ್ಚನಾಡಿಯೇ ಸಾಕ್ಷಿ. 2019ರ ಆಗಸ್ಟಿನ ಮಳೆಯಲ್ಲಿ ಅಲ್ಲಿಯ ಕಸದ ರಾಶಿ ಜರಿದು ಕೆಳಗಿನ ಮಂದಾರದ ಅಡಿಕೆ ತೆಂಗುಗಳ ತೋಟಗಳನ್ನೇ ಮುಚ್ಚಿತು. ಅನೇಕ ಕುಟುಂಬಗಳು ಮನೆ ಬಿಡಬೇಕಾಯಿತು. ತೋಟಕ್ಕೆ ಗೊಬ್ಬರವಾಗಿ ಮರಳಬೇಕಾಗಿದ್ದ ವಸ್ತು ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ತೋಟವನ್ನು ನುಂಗಿತು. ಭಾನುವಾರದ ಸಂತೆಗೆ ಹೋಗಿಬಂದವರ ಮನೆಯ ಸಿಪ್ಪೆಯೂ ಹೋಗದವರ ಮನೆಯ ಸಿಪ್ಪೆಯೂ ಹೋಗಿ ಬೀಳುತ್ತಿದ್ದುದು ಅಲ್ಲಿಯೇ.

ನಮ್ಮ ವಾಚಕರಲ್ಲಿ ಹಲವರು ಒಕ್ಕಲು ಮನೆತನದವರು. ಹಲವರು ಓದು ಮುಗಿಸಿ ಪಟ್ಟಣ ಸೇರಿದವರು. ಈ ವಿವೇಚನೆಯಿಂದ ಇಬ್ಬರಿಗೂ ಒಂದೊಂದು ಕರ್ತವ್ಯ ಒದಗುತ್ತದೆ. ಒಕ್ಕಲು ಮಾಡುವವರು ಶಿಫಾರಸಿನ ಮರೆತ ಅರ್ಧವನ್ನು ಮೊದಲು ನೆನೆಯಲಿ: ಸೋಗೆ, ಹಾಳೆ, ಸಿಪ್ಪೆಗಳನ್ನು ಸುಡದೆ ತೋಟದಲ್ಲಿಯೇ ಗೊಬ್ಬರ ಮಾಡಲಿ, ಮಣ್ಣು ಪರೀಕ್ಷಿಸಿ ಚೀಲವನ್ನು ಕ್ರಮವಾಗಿ ಇಳಿಸಲಿ, ನೆರೆಯವನ ಬಾವಿಗೆ ಇಳಿಯುವ ವಿಷವನ್ನು ಎಷ್ಟು ಲಾಭವಿದ್ದರೂ ಮುಟ್ಟದಿರಲಿ. ಪಟ್ಟಣದವರು ವಿಷಮುಕ್ತ ಅನ್ನವನ್ನು ಬೇಡುವ ಮುನ್ನ ಅದರ ದುಡಿಮೆಗೆ ತಕ್ಕ ಬೆಲೆ ಕೊಡಲು ಸಿದ್ಧರಾಗಲಿ. ಅಡಿಗೆಮನೆಯ ಹಸಿಕಸವನ್ನು ಬೇರ್ಪಡಿಸಿ ಮಣ್ಣಿಗೆ ಸೇರಿಸಲಿ. ಇದು ಸಣ್ಣ ಕೆಲಸ, ಬೇಸರದ ಕೆಲಸ. ನೆಲದ ಋಣ ಮಾತ್ರ ಬೇರೆ ಯಾವ ಬಗೆಯಿಂದಲೂ ತೀರುವಂತೆ ಕಾಣುವುದಿಲ್ಲ.