ಚತುರ್ಥೀ ವಿಭಕ್ತಿಯವರು

ಪೇಟೆಯ ರದ್ದಿ ಅಂಗಡಿಯಲ್ಲಿ ಹಳೆ ಗೈಡು ಹುಡುಕುತ್ತಿದ್ದಾಗ ನಮ್ಮ ತಾಲ್ಲೂಕಿನ ಮಹಿಳಾ ಕ್ಲಬ್ಬೊಂದರ ವಾರ್ಷಿಕ ವರದಿ ಕೈಗೆ ಸಿಕ್ಕಿತು. 32 ಪುಟ, ನುಣುಪು ಕಾಗದ, ಪುಟಕ್ಕೆರಡು ಬಣ್ಣದ ಫೋಟೋ. ಈ ಸಲ ವಿಮರ್ಶೆಗೆ ಇದನ್ನೇ ಎತ್ತಿಕೊಂಡಿದ್ದೇವೆ. ಕಾದಂಬರಿ, ಕವನಸಂಕಲನ ಬಿಟ್ಟು ಇದೇನು ಅಂತ ಗೆಳೆಯರು ಕೇಳಬಹುದು. ನಮ್ಮ ಕೇರಿಗಳ ಬಗ್ಗೆ ಕವಿತೆಗಳಿಗಿಂತ ಹೆಚ್ಚಾಗಿ ಅಚ್ಚಾಗಿರುವುದು ವರದಿಗಳೇ. ಬರೆದವರು ಬೇರೆಯವರು, ಒಳಗೆ ಇರುವವರು ನಾವು. ಅಂದಮೇಲೆ ಓದಿ ಹೇಗಿದೆ ಅಂತ ಹೇಳುವ ಹಕ್ಕೂ ನಮಗಿದೆ.

ವರದಿಯ ವಾಕ್ಯಗಳೆಲ್ಲ ಒಂದೇ ಅಚ್ಚಿನವು. ವೃದ್ಧಾಶ್ರಮದ ಹಿರಿಯರಿಗೆ ಹೊದಿಕೆ. ಅಂಧ ಮಕ್ಕಳಿಗೆ ಒಂದು ಹೊತ್ತಿನ ಊಟ. ಹಾಸ್ಟೆಲ್ ವಿದ್ಯಾರ್ಥಿಗಳಿಗೆ ನೋಟ್‌ಬುಕ್ಕು. ಪೌರಕಾರ್ಮಿಕ ಮಹಿಳೆಯರಿಗೆ ಸೀರೆ. ಪುಟ ತಿರುವಿದಷ್ಟೂ ಗೆ, ಗೆ, ಗೆ. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಉರು ಹೊಡೆದವರಿಗೆ ನೆನಪಿರುತ್ತದೆ: ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ. ಆ ಚತುರ್ಥಿಗೆ ಪಂಡಿತರು ಹೇಳುವ ಕಾರಕದ ಹೆಸರು ಸಂಪ್ರದಾನ. ದಾನ ಹೆಸರಿನೊಳಗೇ ಕೂತಿದೆ. ಈ ವರದಿಯಲ್ಲಿ ನಮಗೆ ಪ್ರಥಮಾ ವಿಭಕ್ತಿಗೆ ಒಂದು ಸಲವೂ ಬಡ್ತಿ ಸಿಕ್ಕಿಲ್ಲ. ನಾವು ಏನೂ ಮಾಡುವುದಿಲ್ಲ, ಏನೂ ಹೇಳುವುದಿಲ್ಲ, ಫೋಟೋದಲ್ಲಿ ಮಾತ್ರ ನಗುತ್ತೇವೆ. ಕೊಟ್ಟವರ ಹೆಸರಿಗೆ ಎರಡೂವರೆ ಪುಟ ಇದೆ. ಇಸ್ಕೊಂಡವರಿಗೆ ಹೆಸರಿಲ್ಲ, ಸಂಖ್ಯೆ ಇದೆ.

ಹಾಗಂತ ಕೊಟ್ಟ ಹೆಂಗಸರಾದರೂ ಪ್ರಥಮಾ ವಿಭಕ್ತಿಯಲ್ಲಿ ಮೆರೆದಿದ್ದಾರೆಯೆ? ಪದಾಧಿಕಾರಿಗಳ ಪಟ್ಟಿ ನೋಡಿ: ಡಾಕ್ಟರ ಪತ್ನಿ, ವಕೀಲರ ಪತ್ನಿ, ರೈಸ್‌ಮಿಲ್ ಮಾಲೀಕರ ಪತ್ನಿ. ಅವರು ಷಷ್ಠೀ ವಿಭಕ್ತಿಯವರು. ಇಂಥ ಎಷ್ಟೋ ಕ್ಲಬ್ಬುಗಳ ಹುಟ್ಟೇ ಹಾಗೆ. ಇನ್ನರ್ ವೀಲ್ ಎಂಬುದನ್ನು ಮಾರ್ಗರೆಟ್ ಗೋಲ್ಡಿಂಗ್ 1924ರ ಜನವರಿ 10ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಶುರುಮಾಡಿದ್ದು ರೋಟರಿ ಸದಸ್ಯರ ಮನೆಯ ಹೆಂಗಸರಿಗಾಗಿ. ಗಂಡಸರದ್ದು ಚಕ್ರ, ಹೆಂಗಸರದ್ದು ಒಳಚಕ್ರ. ಹೆಂಗಸರನ್ನು ತಾನೇ ಸದಸ್ಯರಾಗಿ ಸೇರಿಸಿಕೊಳ್ಳಲು ರೋಟರಿ ಒಪ್ಪಿದ್ದು 1989ರಲ್ಲಿ. ಇಷ್ಟು ಕಾಲ ಬಾಗಿಲ ಹೊರಗೆ ನಿಂತವರಿಗೆ ಇನ್ನೂ ಆಚೆ ನಿಂತವರ ಸಂಕಟ ತಿಳಿಯಬೇಕಿತ್ತು. ಹೆಣ್ಣಾದ ಮಾತ್ರಕ್ಕೆ ಅದು ತಿಳಿಯುವುದಿಲ್ಲ ಅನ್ನುವುದಕ್ಕೆ ನಾಗಪುರ ಸಾಕ್ಷಿ.

ಅಖಿಲ ಭಾರತ ಮಹಿಳಾ ಪರಿಷತ್ತು 1927ರಲ್ಲಿ ಪುಣೆಯಲ್ಲಿ ಹುಟ್ಟಿದ್ದು. ಕ್ಲಬ್ಬಿಗಿಂತ ಎಷ್ಟೋ ದೊಡ್ಡದು. ಹೆಣ್ಣುಮಕ್ಕಳ ಓದಿಗಾಗಿ, ಬಾಲ್ಯವಿವಾಹದ ವಿರುದ್ಧ ದುಡಿದದ್ದು. ಅದು 1937ರಲ್ಲಿ ನಾಗಪುರದಲ್ಲಿ ಸೇರಿದಾಗ ಜಾಯಿಬಾಯಿ ಚೌಧರಿಯವರೂ ಹೋಗಿದ್ದರು. ಅದೇ ಊರಿನಲ್ಲಿ ದಲಿತ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿದ್ದವರು ಅವರು. ಊಟದ ಹೊತ್ತಿಗೆ ಅವರನ್ನೂ ಜೊತೆಯವರನ್ನೂ ಬೇರೆ ಕೂರಿಸಿದರು. ಭಾಷಣ ಒಟ್ಟಿಗೆ, ಪಂಕ್ತಿ ಬೇರೆ. ನಮ್ಮ ಹೆಂಗಸರು ಸುಮ್ಮನಾಗಲಿಲ್ಲ, 1938ರ ಜನವರಿ 1ರಂದು ಸಭೆ ಸೇರಿ ಖಂಡಿಸಿದರು. ಊರ್ಮಿಳಾ ಪವಾರ್, ಮೀನಾಕ್ಷಿ ಮೂನ್ ಇಬ್ಬರೂ ಆ ಕಾಲದ ಹೆಂಗಸರನ್ನು ಹುಡುಕಿ ಮಾತಾಡಿಸಿ 1989ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡದೆ ಹೋಗಿದ್ದರೆ ಇಂಥವು ನಮ್ಮವರೆಗೆ ಬರುತ್ತಿರಲಿಲ್ಲ.

ನಾವೂ ಇಸ್ಕೊಂಡವರೇ. ಹಾಸ್ಟೆಲಿನಲ್ಲಿದ್ದಾಗ ಒಂದು ಕ್ಲಬ್ಬಿನವರು ಬಂದು ತಲಾ ಮೂರು ನೋಟ್‌ಬುಕ್ಕು ಕೊಟ್ಟರು. ಫೋಟೋದವನು ತಡವಾಗಿ ಬಂದ. ಕೊಟ್ಟದ್ದನ್ನೆಲ್ಲ ವಾಪಸ್ ಇಸ್ಕೊಂಡು, ಸಾಲು ನಿಲ್ಲಿಸಿ, ಮತ್ತೆ ಕೊಟ್ಟರು. ನಗ್ರೋ ಅಂತ ವಾರ್ಡನ್ ಸನ್ನೆ ಮಾಡಿದರು. ನಕ್ಕೆವು. ಆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲೇ ನಮ್ಮ ಮೊದಲ ಪದ್ಯಗಳನ್ನು ಬರೆದದ್ದು, ಸುಳ್ಳು ಯಾಕೆ ಹೇಳಬೇಕು. ನಮ್ಮಜ್ಜಿಯ ಕಣ್ಣಿನ ಪೊರೆ ತೆಗೆಸಿದ್ದೂ ಇಂಥದ್ದೇ ಶಿಬಿರದಲ್ಲಿ. ದಾನವೆಲ್ಲ ಬರೀ ಮೋಸ ಅಂತ ಭಾಷಣ ಮಾಡುವುದು ಸುಲಭ. ಅಜ್ಜಿಯ ಮುಂದೆ ಆ ಮಾತಾಡುವ ಧೈರ್ಯ ನಮಗಿಲ್ಲ. ಆದರೆ ಆ ವರ್ಷ ಹಾಸ್ಟೆಲಿನ ಕಕ್ಕಸಿಗೆ ಬಾಗಿಲಿರಲಿಲ್ಲ. ಸಾರು ನೀರಾಗಿತ್ತು. ಅಕ್ಕಿ ಎಲ್ಲಿಗೆ ಹೋಗ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಬಂದವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಮುಂದಿನ ವರ್ಷ ಅವರಿಗೆ ಗೇಟು ತೆಗೆಯುತ್ತಿರಲಿಲ್ಲವೇನೋ.

ಬಾಬಾಸಾಹೇಬರ ತಕರಾರೂ ಇದೇ ಆಗಿತ್ತು. 1932ರ ಸೆಪ್ಟೆಂಬರಿನಲ್ಲಿ ಹುಟ್ಟಿ ಮುಂದೆ ಹರಿಜನ ಸೇವಕ ಸಂಘವಾದ ಸಂಸ್ಥೆಯ ಕಾರ್ಯದರ್ಶಿ ಎ. ವಿ. ಠಕ್ಕರ್ ಅವರಿಗೆ ನವೆಂಬರ್ 14ರಂದು ಹಡಗಿನಿಂದಲೇ ಕಾಗದ ಬರೆದರು. ಒಬ್ಬೊಬ್ಬರನ್ನು ಹಿಡಿದು ತಿದ್ದುವ ಕೆಲಸ ಬಿಡಿ, ಬಾವಿ, ಶಾಲೆ, ಚಾವಡಿಗಳ ಹಕ್ಕಿಗಾಗಿ ಹಳ್ಳಿಹಳ್ಳಿಯಲ್ಲಿ ಹೋರಾಡಿ ಅನ್ನುವುದು ಅದರ ತಾತ್ಪರ್ಯ. ಸಂಘ ಹಿಡಿದದ್ದು ಬೇರೆ ದಾರಿ. ಆಡಳಿತದಲ್ಲಿ ಅಸ್ಪೃಶ್ಯರಿಗೆ ಜಾಗ ಕೇಳಿದಾಗ, ಇದು ಸವರ್ಣೀಯರ ಪ್ರಾಯಶ್ಚಿತ್ತ, ನಡೆಸಬೇಕಾದವರೂ ಅವರೇ ಎಂಬ ಉತ್ತರ ಬಂತೆಂದು ಅಂಬೇಡ್ಕರ್ ತಮ್ಮ 1945ರ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಪಾಪ ಅವರದ್ದು, ಪ್ರಾಯಶ್ಚಿತ್ತ ಅವರದ್ದು, ಪುಣ್ಯವೂ ಅವರದ್ದೇ. ನಮಗೆ ಉಳಿದದ್ದು ಸಾಲಿನಲ್ಲಿ ನಿಲ್ಲುವ ಕೆಲಸ.

ಅದೇ ನಾಗಪುರದಲ್ಲಿ 1942ರ ಜುಲೈ 20ರಂದು ದಲಿತ ಮಹಿಳೆಯರದ್ದೇ ಸಮ್ಮೇಳನ ನಡೆಯಿತು. ಅಧ್ಯಕ್ಷರು ಸುಲೋಚನಾಬಾಯಿ ಡೋಂಗ್ರೆ. ಸೇರಿದವರು ಇಪ್ಪತ್ತು, ಇಪ್ಪತ್ತೈದು ಸಾವಿರ ಹೆಂಗಸರು. ವಿಚ್ಛೇದನದ ಹಕ್ಕು ಬೇಕು, ಗಿರಣಿಯಲ್ಲಿ ದುಡಿಯುವವರಿಗೆ ರಜೆ ಬೇಕು, ಪಿಂಚಣಿ ಬೇಕು, ಶಾಸನಸಭೆಯಲ್ಲಿ ಜಾಗ ಬೇಕು ಅಂತ ನಿರ್ಣಯ ಮಾಡಿದರು. ಕನ್ನಡಕ್ಕೆ ತಂದರೆ ಇವೂ ಚತುರ್ಥೀ ವಾಕ್ಯಗಳೇ: ನಮಗೆ ಬೇಕು. ವ್ಯಾಕರಣದ ಪುಸ್ತಕದಲ್ಲಿ ದಾನ ಇಸ್ಕೊಳ್ಳುವ ವಿಭಕ್ತಿ ನಮ್ಮವರ ಬಾಯಿಗೆ ಬಂದಾಗ ಬೇರೆಯೇ ಆಗುತ್ತದೆ. ನಂಗೆ ಹಸಿವಾಗದೆ. ನಂಗೆ ಸಿಟ್ಟು ಬತ್ತದೆ. ನಂಗೆ ಗೊತ್ತು. ನಂಗೆ ಬ್ಯಾಡ. ಈ ವರದಿ ಬರೆದವರು ಆ ಚತುರ್ಥಿಯನ್ನು ಕಿವಿಯಲ್ಲಿ ಕೇಳಿಯೂ ಬರೆದುಕೊಳ್ಳಲಿಲ್ಲ. ಹಾಗೆ ಹೇಳಲು ಕಾರಣ 27ನೇ ಪುಟ.

ಅಲ್ಲಿರುವುದು 42 ಪೌರಕಾರ್ಮಿಕ ಮಹಿಳೆಯರಿಗೆ ಸೀರೆ ವಿತರಣೆ. 2020ರ ಕೊರೊನಾ ಕಾಲದಲ್ಲಿ ಹಲವು ಊರುಗಳಲ್ಲಿ ಪೌರಕಾರ್ಮಿಕರ ಮೇಲೆ ಹೂ ಸುರಿದರು, ಕಾಲು ತೊಳೆದು ಪೂಜೆ ಮಾಡಿದರು. 2022ರ ಜುಲೈನಲ್ಲಿ ಅದೇ ಜನ ಕೆಲಸ ಕಾಯಂ ಮಾಡಿ ಅಂತ ರಾಜ್ಯದಲ್ಲಿ ಪೊರಕೆ ಕೆಳಗಿಟ್ಟು ಕೂತಾಗ ನಮ್ಮೂರಲ್ಲಂತೂ ಹೂವಿನವರು ಕಾಣಲಿಲ್ಲ. ಈ ವರದಿ ಅದರ ಮುಂದಿನ ವರ್ಷದ್ದು. ನಮ್ಮವ್ವ ಗುತ್ತಿಗೆ ಪೌರಕಾರ್ಮಿಕಳು. ಆ ಫೋಟೋದಲ್ಲಿ ಇರಬೇಕಾಗಿತ್ತು, ಇಲ್ಲ.

ಅವತ್ತು ಹೆಸರು ಕರೆದಾಗ ಅವ್ವ ವೇದಿಕೆ ಹತ್ತಿದಳು, ಸೀರೆ ಮುಟ್ಟಲಿಲ್ಲ. "ನಂಗೆ ಬ್ಯಾಡ ಅಮ್ಮೋರೆ. ಮೂರು ತಿಂಗ್ಳಿಂದ ಸಂಬ್ಳ ಆಗಿಲ್ಲ. ನಿಮ್ಮ ಮಾತು ಆಫೀಸ್ನೋರು ಕೇಳ್ತಾರೆ. ನಾಳೀಕೆ ನಮ್ಮ ಜೊತೆ ಬಂದು ಕೇಳ್ತೀರಾ?" ಅಂದಳಂತೆ. ಮೈಕು ಹತ್ತಿರವೇ ಇತ್ತು. ಯಾರೋ ಚಪ್ಪಾಳೆ ತಟ್ಟಿಸಿ ಮುಂದಿನ ಹೆಸರು ಕೂಗಿದರು.

ಮಾರನೆ ಬೆಳಿಗ್ಗೆ ಆ ಕ್ಲಬ್ಬಿನ ಒಬ್ಬರೇ ಒಬ್ಬರು, ವಯಸ್ಸಾದವರು, ಮನೆಯಲ್ಲಿ ಹೇಳದೆ ಆಟೋದಲ್ಲಿ ಬಂದರು. ಕಚೇರಿಯ ಮೆಟ್ಟಿಲ ಮೇಲೆ ಅವ್ವನ ಪಕ್ಕ ಮಧ್ಯಾಹ್ನದವರೆಗೆ ಕೂತರು. ಅವ್ವನ ಡಬ್ಬಿಯಲ್ಲಿದ್ದ ಚಿತ್ರಾನ್ನದಲ್ಲಿ ಪಾಲು ತಿಂದರು. ಆ ವಾರ ಒಂದು ತಿಂಗಳ ಸಂಬಳ ಆಯಿತು. ಉಳಿದೆರಡಕ್ಕೆ ಇನ್ನೂ ಅಲೆಯಬೇಕಾಯಿತು, ಅದು ಬೇರೆ ಕತೆ.

ವರದಿಯಲ್ಲಿ ಸೀರೆಯ ಲೆಕ್ಕ 42 ಅಂತಲೇ ಇದೆ. ಕೊಟ್ಟದ್ದು 41. ಮೆಟ್ಟಿಲ ಮೇಲಿನ ಆ ಬೆಳಿಗ್ಗೆಗೆ ಒಂದು ಸಾಲೂ ಇಲ್ಲ. ಬಂದ ಹೆಂಗಸು ಯಾರಿರಬಹುದು ಅಂತ ಪಟ್ಟಿಯಲ್ಲಿ ಹುಡುಕಿದೆವು. ಯಾರದೋ ಪತ್ನಿ ಅಂತ ಎಲ್ಲೋ ಇರಬೇಕು, ನಮಗೆ ಗುರುತು ಹತ್ತಲಿಲ್ಲ.