ಕನಗನಹಳ್ಳಿಯ ಅಶೋಕ: ಕಲ್ಲು ಹೇಳುವುದೆಷ್ಟು, ನಾವು ಹೇಳುವುದೆಷ್ಟು?

'ಅಶೋಕನ ನಿಜವಾದ ಭಾವಚಿತ್ರ ಕರ್ನಾಟಕದಲ್ಲಿ ದೊರೆತಿದೆ' ಎಂಬ ಮಾತನ್ನು ನೀವು ಓದಿರಬಹುದು, ಪಾಠದಲ್ಲಿ ಹೇಳಿರಲೂಬಹುದು. ಇಲ್ಲಿ ಬೆಲ್ಲದ ಬಾಗೇವಾಡಿಯವರೆಗೂ ಬಂದಿರುವ ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಆಗ ತಿಳಿಯಿತು. ವಿಗ್ರಹ ನಿಲ್ಲಿಸಲು ಯಾರೋ ಅದರ ನಡುವೆ ತೂತು ಕೊರೆದಿದ್ದರು! ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಲ್ಲಿ ಉತ್ಖನನ ಆರಂಭಿಸಿತು. ಮಹಾಸ್ತೂಪವೇ ಹೊರಬಂತು. ಅದರ ಒಂದು ಫಲಕದಲ್ಲಿ ರಾಜದಂಪತಿಗಳ ಉಬ್ಬುಶಿಲ್ಪವೂ 'ರಾಯ ಅಸೋಕೋ' ಎಂಬ ಬ್ರಾಹ್ಮೀ ಬರಹವೂ ಇವೆ.

ಬರಹ ಹೇಳುವುದು ಇಷ್ಟೇ: ಶಿಲ್ಪಿ ತೋರಿಸಬಯಸಿದ್ದು ಅಶೋಕನನ್ನು. ಫಲಕ ಸಾತವಾಹನರ ಕಾಲದ್ದು. ಅಶೋಕ ತೀರಿ ಒಂದೆರಡು ಶತಮಾನಗಳಾದರೂ ಆಗಿದ್ದವು. ಶಿಲ್ಪಿ ಅವನನ್ನು ಕಂಡಿರಲು ಸಾಧ್ಯವಿಲ್ಲ. 'ಹೆಸರು ಬರೆದಿರುವ ಅಶೋಕನ ಶಿಲ್ಪ' ಎನ್ನೋಣ. 'ನಿಜವಾದ ಭಾವಚಿತ್ರ' ಎಂಬುದಕ್ಕೆ ಆಧಾರವಿಲ್ಲ.

ಕಾಲವನ್ನು ಅಳೆದು ನೋಡಬಾರದೇ ಎಂದು ವಿಜ್ಞಾನದ ವಿದ್ಯಾರ್ಥಿ ಕೇಳುತ್ತಾನೆ. ಕೆತ್ತನೆಯ ಕಲ್ಲಿಗೆ ವಿಕಿರಣ ಇಂಗಾಲದ ವಿಧಾನ ಒಗ್ಗದು. ಅದಕ್ಕೆ ಇದ್ದಿಲು, ಕಾಳು, ಮೂಳೆಯಂಥ ಜೈವಿಕ ವಸ್ತು ಬೇಕು. ಸಿಕ್ಕರೂ, ಇಂಗಾಲ-14ರ ಅರ್ಧಾಯು 5730 ವರ್ಷ. ಅಳತೆಯಲ್ಲಿ ಶೇಕಡ 1 ತಪ್ಪಿದರೆ ಕಾಲದಲ್ಲಿ ಸುಮಾರು 80 ವರ್ಷ ವ್ಯತ್ಯಾಸ. ಅಷ್ಟರಲ್ಲಿ ಹಲವು ರಾಜರು ಆಳಿ ಹೋಗಿರುತ್ತಾರೆ. ಮಧ್ಯ ಅಮೆರಿಕದ ಮಾಯಾ ಜನ ತಮ್ಮ ಸ್ಮಾರಕಗಳ ಮೇಲೆ ದಿನಗಳ ಎಣಿಕೆಯನ್ನೇ ಕೆತ್ತಿದರು. ನಮಗೆ ಆ ಅನುಕೂಲವಿಲ್ಲ. ಲಿಪಿಯಿಂದ ರಾಜನ ಕಾಲ, ರಾಜನಿಂದ ಲಿಪಿಯ ಕಾಲ ಎಂದು ಹೊರಟರೆ ವಾದ ತನ್ನ ಸುತ್ತಲೇ ತಿರುಗುತ್ತದೆ.

ಇದರಿಂದ ಪಾರಾಗಲು ಇರುವ ಮುಖ್ಯ ದಾರಿ ಸ್ತರಗಳ ದಾಖಲೆ: ಯಾವ ಪದರದಲ್ಲಿ ಏನಿತ್ತು, ಯಾವುದರ ಜೊತೆಗಿತ್ತು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲೇ. ಪ್ರಯೋಗಾಲಯದಲ್ಲಿ ಲೋಲಕದ ಪ್ರಯೋಗ ತಪ್ಪಿದರೆ ಮತ್ತೆ ಮಾಡಬಹುದು. ಅಗೆದ ಸ್ತರವನ್ನು ಮತ್ತೆ ಅಗೆಯಲಾಗದು. ವರದಿಯೊಂದೇ ಉಳಿಯುವ ಸಾಕ್ಷ್ಯ. ಕೆ.ಪಿ. ಪೂಣಚ್ಚ ಅವರ ಕನಗನಹಳ್ಳಿ ವರದಿಯ ಮೇಲಿರುವ ವರ್ಷ 2011, ಅಂದರೆ ಅಗೆತ ತೊಡಗಿದ 17 ವರ್ಷಗಳ ನಂತರ. ಶಾಸನಗಳನ್ನು ಕುರಿತ ನಾಕಾನಿಶಿ ಮತ್ತು ಫಾನ್ ಹಿನ್ಯೂಬರ್ ಅವರ ಪುಸ್ತಕ ಬಂದದ್ದು 2014ರಲ್ಲಿ. ಎರಡೂ ಇಂಗ್ಲಿಷಿನಲ್ಲಿವೆ. ಈ ನಡುವೆ 'ಭಾವಚಿತ್ರ'ದ ಮಾತು ಬೇರೂರಿದ್ದರಲ್ಲಿ ಆಶ್ಚರ್ಯವೇನಿದೆ?

ನಿಮ್ಮೂರಿನ ಕಬ್ಬಿನ ಗದ್ದೆಯಲ್ಲಿ ನೇಗಿಲಿಗೆ ಹಳೆಯ ಬೋಕಿ ಸಿಕ್ಕಿತೆನ್ನಿ. ಅದನ್ನು ತೊಳೆದು ಶಾಲೆಯ ಕಪಾಟಿನಲ್ಲಿಡುವ ಮೊದಲು ಜಾಗ, ಆಳ, ಮಣ್ಣಿನ ಬಣ್ಣ, ಜೊತೆಗೆ ಸಿಕ್ಕ ವಸ್ತುಗಳನ್ನು ಬರೆದಿಡಿ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ.